ಕೋಳಿ ತಿಂದದ್ದೇನು? ಇಸ್ಲಾಮಿ ಧರ್ಮಶಾಸ್ತ್ರದಲ್ಲಿ ಮೇವಿನ ವಿಚಾರ

ಊಟಕ್ಕೆ ಕುಳಿತವರ ಮುಂದೆ ಕೋಳಿಯ ಮಾಂಸ ಬಂತು. ಊಟಕ್ಕೆ ಕರೆದವರು ಅಬೂ ಮೂಸಾ ಅಲ್ ಅಶ್‌ಅರಿ. ಪ್ರವಾದಿ ಮುಹಮ್ಮದರ ಸಂಗಾತಿಗಳಲ್ಲಿ ಒಬ್ಬರು, ಬಸ್ರಾದ ಆಡಳಿತ ನಡೆಸಿದವರು. ಬಂದವರಲ್ಲಿ ಒಬ್ಬ ಮಾತ್ರ ಕೈ ಮುಂದೆ ಮಾಡಲಿಲ್ಲ. ಕಾರಣ ಕೇಳಿದಾಗ ಆತ, ಕೋಳಿ ಹೊಲಸು ತಿನ್ನುವುದನ್ನು ತಾನು ಕಣ್ಣಾರೆ ಕಂಡಿದ್ದಾಗಿಯೂ, ಅಸಹ್ಯವಾಗಿ ಇನ್ನು ಮುಂದೆ ಅದನ್ನು ಮುಟ್ಟುವುದಿಲ್ಲವೆಂದು ಆಣೆ ಇಟ್ಟಿದ್ದಾಗಿಯೂ ಹೇಳಿದ. ಪ್ರವಾದಿಯವರು ಕೋಳಿ ತಿಂದದ್ದನ್ನು ತಾವು ನೋಡಿರುವುದಾಗಿ ಅಬೂ ಮೂಸಾ ತಿಳಿಸಿ, ಆಣೆಯಿಂದ ಬಿಡುಗಡೆ ಪಡೆಯುವ ದಾರಿಯನ್ನೂ ಹೇಳಿ ಅವನನ್ನು ಪಂಕ್ತಿಗೆ ಕರೆದರು.

ಒಂಬತ್ತನೇ ಶತಮಾನದಲ್ಲಿ ಇಮಾಮ್ ಬುಖಾರಿ ಸಂಗ್ರಹಿಸಿದ ಹದೀಸ್ ಗ್ರಂಥದಲ್ಲಿ ಬರುವ ಈ ಪ್ರಸಂಗ ಚಿಕ್ಕದು. ಆದರೆ ಆ ಅತಿಥಿಯ ಮನಸ್ಸಿನಲ್ಲಿ ಎದ್ದ ಪ್ರಶ್ನೆ ಚಿಕ್ಕದಲ್ಲ. ತಿಪ್ಪೆ ಕೆದರಿ ಹೊಟ್ಟೆ ತುಂಬಿಕೊಂಡ ಕೋಳಿಯನ್ನು ತಿಂದರೆ ತಿಪ್ಪೆಯನ್ನೇ ತಿಂದಂತೆ ಆಗುತ್ತದೆಯೇ? ಆಹಾರಕ್ಕೆಂದು ಸಾಕಿದ ಪ್ರಾಣಿಯ ಹೊಟ್ಟೆಗೆ ಹೋದದ್ದು ಅದನ್ನು ತಿನ್ನುವವನ ಪಾಲಿಗೂ ಬರುತ್ತದೆಯೇ? ಇಸ್ಲಾಮಿ ಧರ್ಮಶಾಸ್ತ್ರಜ್ಞರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಈ ಪ್ರಶ್ನೆಯ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ. ಕಾರ್ಖಾನೆಯಲ್ಲಿ ತಯಾರಾದ ಮೇವಿನ ಮೂಟೆಗಳು ಬಂದ ಮೇಲಂತೂ ಅದು ಮತ್ತೆ ಚರ್ಚೆಯ ನಡುವೆ ಬಂದು ನಿಂತಿದೆ.

ಹಲಾಲ್ ಎಂದೊಡನೆ ಸಾಮಾನ್ಯ ಓದುಗರ ಮನಸ್ಸಿಗೆ ಬರುವುದು ಪ್ರಾಣಿಯನ್ನು ಕೊಯ್ಯುವ ವಿಧಾನ. ಯಾವ ಪ್ರಾಣಿಯನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದು ಎಂಬುದೂ ಬಹುಮಂದಿಗೆ ಗೊತ್ತು. ಆದರೆ ತಿನ್ನಬಹುದಾದ ಪ್ರಾಣಿಯೂ ತಾನು ತಿಂದ ಮೇವಿನಿಂದಾಗಿ ತಿನ್ನಲು ಯೋಗ್ಯವಲ್ಲದ ಸ್ಥಿತಿಗೆ ಬರಬಹುದು, ಮತ್ತೆ ಒಳ್ಳೆಯ ಮೇವಿನಿಂದಲೇ ಸರಿಹೋಗಬಹುದು ಎಂಬ ಮೂರನೆಯ ವಿಚಾರ ಅಷ್ಟಾಗಿ ಹೊರಗೆ ತಿಳಿದಿಲ್ಲ.

'ಜಲ್ಲಾಲ' ಎಂದರೇನು?

ಇಂಥ ಪ್ರಾಣಿಗೆ ಅರಬ್ಬಿಯಲ್ಲಿ 'ಜಲ್ಲಾಲ' ಎಂಬ ಹೆಸರಿದೆ. ಸಗಣಿ, ಲದ್ದಿ ಎಂಬ ಅರ್ಥದ ಪದದಿಂದ ಹುಟ್ಟಿದ ಶಬ್ದ ಅದು. ಮಲ ಮುಂತಾದ ಹೊಲಸನ್ನು ತಿನ್ನುವುದು ರೂಢಿಯಾಗಿಬಿಟ್ಟ ಒಂಟೆ, ದನ, ಕುರಿ, ಮೇಕೆ, ಕೋಳಿ ಎಲ್ಲವೂ ಈ ಹೆಸರಿನಡಿ ಬರುತ್ತವೆ. ಜಲ್ಲಾಲದ ಮಾಂಸವನ್ನೂ ಹಾಲನ್ನೂ ಪ್ರವಾದಿಯವರು ಬೇಡವೆಂದರೆಂದು ಖಲೀಫ ಉಮರರ ಮಗ ಅಬ್ದುಲ್ಲಾ ವರದಿ ಮಾಡಿದ್ದು ಅಬೂ ದಾವೂದ್, ತಿರ್ಮಿದಿ ಮೊದಲಾದವರ ಹದೀಸ್ ಸಂಗ್ರಹಗಳಲ್ಲಿ ದಾಖಲಾಗಿದೆ. ಅಂಥ ಒಂಟೆಯ ಮೇಲೆ ಸವಾರಿಯೂ ಬೇಡವೆಂಬ ವರದಿಯೂ ಇದೆ. ಒಂಟೆಯ ಬೆವರು ಸವಾರನ ಬಟ್ಟೆಗೆ ತಾಗುವುದೇ ಇದಕ್ಕೆ ಕಾರಣವೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ.

ಕ್ರಿ.ಶ. 628ರಲ್ಲಿ ನಡೆದ ಖೈಬರ್ ಯುದ್ಧದ ಸಂದರ್ಭದಲ್ಲಿ ಸಾಕು ಕತ್ತೆಯ ಮಾಂಸವನ್ನು ನಿಷೇಧಿಸಲಾಯಿತು. ಒಲೆಯ ಮೇಲಿದ್ದ ಪಾತ್ರೆಗಳನ್ನೇ ಬೋರಲು ಹಾಕಿಸಿದ ಆ ಆಜ್ಞೆಗೆ ಕಾರಣವೇನಿದ್ದೀತು ಎಂದು ಸಂಗಾತಿಗಳು ತಮ್ಮತಮ್ಮಲ್ಲೇ ಚರ್ಚಿಸಿದರು. ಹೊರೆ ಹೊರುವ ಪ್ರಾಣಿಗಳು ಕಡಿಮೆಯಾದಾವು ಎಂಬ ಕಾರಣಕ್ಕೆ ಇರಬಹುದೆಂದು ಕೆಲವರೂ, ಕತ್ತೆ ಊರೊಳಗಿನ ಹೊಲಸು ತಿನ್ನುವುದರಿಂದ ಇರಬಹುದೆಂದು ಕೆಲವರೂ ಊಹಿಸಿದರು. ಮೇವಿಗೂ ಮಾಂಸಕ್ಕೂ ಸಂಬಂಧವಿದೆ ಎಂಬ ಭಾವನೆ ಅಷ್ಟು ಹಿಂದೆಯೇ ಬೇರೂರಿತ್ತು ಎಂಬುದಕ್ಕೆ ಇದು ಸಾಕ್ಷಿ.

ಈ ಭಾವನೆ ಅರಬ್ಬರಿಗೆ ಮಾತ್ರ ಸೇರಿದ್ದಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯ ತಿನ್ನಬಾರದವುಗಳ ಪಟ್ಟಿಯಲ್ಲಿ 'ಗ್ರಾಮ್ಯ ಕುಕ್ಕುಟ', ಅಂದರೆ ಊರ ಕೋಳಿಯನ್ನು ಹೆಸರಿಸುತ್ತದೆ. ಊರ ಹಂದಿಯೂ ಅಲ್ಲಿದೆ. ಮನುಷ್ಯರ ನಡುವೆ ಬಾಳುವ ಪ್ರಾಣಿ ಮನುಷ್ಯರ ಹೊಲಸನ್ನೂ ತಿನ್ನುತ್ತದೆ. ಇದು ಎಲ್ಲ ಹಳ್ಳಿಗಳ ಅನುಭವ.

ನಾಲ್ಕು ಪಂಥ, ನಾಲ್ಕು ಅಳತೆ

ಒಂದು ಕಡೆ ಜಲ್ಲಾಲ ಬೇಡವೆಂಬ ಹದೀಸ್, ಇನ್ನೊಂದು ಕಡೆ ಪ್ರವಾದಿಯವರೇ ಕೋಳಿ ತಿಂದ ಹದೀಸ್. ಕೋಳಿಯೋ ಕಂಡದ್ದನ್ನೆಲ್ಲ ಕುಕ್ಕುವ ಜಾತಿ. ಹಾಗಾಗಿ ಎಷ್ಟು ಹೊಲಸು ತಿಂದರೆ ಪ್ರಾಣಿ ಜಲ್ಲಾಲವಾಗುತ್ತದೆ ಎಂಬ ಅಳತೆ ಬೇಕಾಯಿತು. ಸುನ್ನಿ ಮುಸ್ಲಿಮರ ನಾಲ್ಕು ಪಂಥಗಳು ಇಲ್ಲಿ ಬೇರೆಬೇರೆ ದಾರಿ ಹಿಡಿದವು.

ಹಂಬಲಿ ಪಂಥದ ವಿದ್ವಾಂಸರು ಮೇವಿನ ಪ್ರಮಾಣವನ್ನು ನೋಡಿದರು. ತಿಂದದ್ದರಲ್ಲಿ ಹೆಚ್ಚಿನ ಪಾಲು ಹೊಲಸಾಗಿದ್ದರೆ ಅದು ಜಲ್ಲಾಲ. ಅದರ ಮಾಂಸ, ಹಾಲು ನಿಷಿದ್ಧವೆಂದೂ, ನಿಷಿದ್ಧವಲ್ಲ ಆದರೆ ತ್ಯಜಿಸುವುದು ಒಳ್ಳೆಯದೆಂದೂ ಇಮಾಮ್ ಅಹ್ಮದರಿಂದ ಎರಡು ಅಭಿಪ್ರಾಯಗಳು ಬಂದಿವೆ. ಹೀಗೆ 'ತ್ಯಜಿಸುವುದು ಒಳ್ಳೆಯದು' ಎನ್ನಿಸಿಕೊಂಡದ್ದನ್ನು ಶಾಸ್ತ್ರದಲ್ಲಿ 'ಮಕ್ರೂಹ್' ಎನ್ನುತ್ತಾರೆ.

ಶಾಫಿ ಪಂಥ ಪ್ರಮಾಣಕ್ಕಿಂತ ಪರಿಣಾಮಕ್ಕೆ ಬೆಲೆ ಕೊಟ್ಟಿತು. ಸಿರಿಯಾದ ನವಾ ಎಂಬ ಊರಿನ ಇಮಾಮ್ ನವವಿ (ನಿಧನ 1277) ಅವರ ತೀರ್ಮಾನದಂತೆ, ಪ್ರಾಣಿ ಎಷ್ಟು ತಿಂದಿತು ಎಂದು ಲೆಕ್ಕ ಹಾಕುತ್ತ ಕೂರಬೇಕಿಲ್ಲ. ಮಾಂಸದಲ್ಲಿ ಹೊಲಸಿನ ವಾಸನೆ ಬಂದಿದೆಯೇ ಎಂದು ನೋಡಿದರೆ ಸಾಕು. ಅವರಿಗಿಂತ ಹಿಂದಿನ ರಾಫಿಈ ಅಂಥ ಮಾಂಸವನ್ನು ನಿಷಿದ್ಧವೆಂದಿದ್ದರೆ, ನವವಿ ಅದನ್ನು ಮಕ್ರೂಹ್ ಎಂದರು. ಶಾಫಿ ಪಂಥ ನಮಗೆ ದೂರದ್ದಲ್ಲ. ಕರ್ನಾಟಕದ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಮಲಬಾರಿನ ಪೊನ್ನಾನಿಯ ಝೈನುದ್ದೀನ್ ಮಖ್ದೂಮರು 16ನೇ ಶತಮಾನದಲ್ಲಿ ರಚಿಸಿದ 'ಫತ್ಹುಲ್ ಮುಈನ್' ಈ ಪಂಥದ ಹೆಸರಾಂತ ಪಠ್ಯ. ವಾಸನೆಯೇ ಗುರುತು ಎಂಬ ನಿಯಮವನ್ನು ಅದು ಕೋಳಿಯ ಹೆಸರೆತ್ತಿಯೇ ಹೇಳುತ್ತದೆ.

ಒಳನಾಡಿನ ಮುಸ್ಲಿಮರಲ್ಲಿ ಬಹುಮಂದಿ ಅನುಸರಿಸುವ ಹನಫಿ ಪಂಥ, ಹೊಲಸನ್ನೇ ತಿಂದು ಮೈ ನಾರುವ ಪ್ರಾಣಿಯನ್ನು ಮಾತ್ರ ಜಲ್ಲಾಲವೆಂದು ಕರೆದು ಮಕ್ರೂಹ್ ಎನ್ನುತ್ತದೆ. ಕಾಳನ್ನೂ ಕಸವನ್ನೂ ಬೆರೆಸಿ ತಿನ್ನುವ ಸಾಮಾನ್ಯ ಕೋಳಿಯ ಮಾಂಸಕ್ಕೆ ಆ ದೋಷವಿಲ್ಲ. ಆದರೆ ಬಿಟ್ಟಿ ಅಲೆಯುವ ಕೋಳಿ ಕೊಕ್ಕು ಅದ್ದಿದ ನೀರಿನ ವಿಷಯ ಬೇರೆ. ಕೊಕ್ಕಿಗೆ ಹೊಲಸು ಅಂಟಿರಬಹುದಾದ್ದರಿಂದ, ಬೇರೆ ನೀರು ಇರುವಾಗ ಆ ನೀರನ್ನು ಬಳಸದಿರುವುದು ಒಳ್ಳೆಯದು. ಅದೇ ಕೋಳಿ ತನ್ನ ಕಾಲಡಿಯ ಹೊಲಸಿಗೆ ಕೊಕ್ಕು ತಾಗದಂತೆ ಗೂಡಿನಲ್ಲಿದ್ದರೆ ಆಕ್ಷೇಪವಿಲ್ಲ. ಶಾಸ್ತ್ರ ಎಷ್ಟು ಸೂಕ್ಷ್ಮವಾಗಿ ಹಿತ್ತಲಿಗೆ ಇಳಿದು ನೋಡುತ್ತಿತ್ತು ಎಂಬುದಕ್ಕೆ ಇದೊಂದು ಉದಾಹರಣೆ.

ಮದೀನದ ಇಮಾಮ್ ಮಾಲಿಕರ (ನಿಧನ 795) ಪಂಥ ಎಲ್ಲಕ್ಕಿಂತ ಉದಾರ. ಪ್ರಾಣಿ ಏನು ತಿಂದರೂ ಅದರ ಮಾಂಸ ತಿನ್ನಬಹುದು ಎಂಬುದು ಅಲ್ಲಿಯ ಪ್ರಸಿದ್ಧ ನಿಲುವು. ಬಸ್ರಾದ ಹಸನ್ (ನಿಧನ 728) ಅವರ ಅಭಿಪ್ರಾಯವೂ ಇದೇ ಆಗಿತ್ತು. ಇದರ ಹಿಂದಿನ ತರ್ಕ ಕುತೂಹಲಕರವಾಗಿದೆ. ಮದ್ಯ ನಿಷಿದ್ಧ, ಅಶುದ್ಧ. ಆದರೆ ಮದ್ಯ ಕುಡಿದವನ ಕೈಕಾಲುಗಳನ್ನು ಯಾರೂ ಅಶುದ್ಧವೆನ್ನುವುದಿಲ್ಲ. ಮನುಷ್ಯನಿಗೆ ಇಲ್ಲದ ನಿಯಮ ಕೋಳಿಗೇಕೆ?

ಶಿಯಾ ಮುಸ್ಲಿಮರ ಜಾಫರಿ ಪಂಥ ಇದಕ್ಕೆ ವಿರುದ್ಧ ತುದಿಯಲ್ಲಿದೆ. ಮನುಷ್ಯನ ಮಲವನ್ನೇ ಆಹಾರವಾಗಿ ರೂಢಿ ಮಾಡಿಕೊಂಡ ಪ್ರಾಣಿಯ ಮಾಂಸ ಅಲ್ಲಿ ನಿಷಿದ್ಧ.

ಕಟ್ಟಿಹಾಕಿ ಮೇಯಿಸುವುದು

ಇಷ್ಟೆಲ್ಲ ಭಿನ್ನಾಭಿಪ್ರಾಯವಿದ್ದರೂ ಒಂದು ಮಾತಿನಲ್ಲಿ ಎಲ್ಲರೂ ಒಂದಾಗುತ್ತಾರೆ. ಜಲ್ಲಾಲವೆಂಬುದು ಹುಟ್ಟಿನಿಂದ ಬಂದ ದೋಷವಲ್ಲ, ಅದು ನಿವಾರಣೆಯಾಗುವಂಥದು. ಪ್ರಾಣಿಯನ್ನು ಕಟ್ಟಿಹಾಕಿ, ಒಳ್ಳೆಯ ಮೇವು ಹಾಕಿ, ಕೆಲವು ದಿನ ಕಾದರೆ ಅದು ಮತ್ತೆ ತಿನ್ನಲು ಯೋಗ್ಯವಾಗುತ್ತದೆ. ಅಬ್ದುಲ್ಲಾ ಇಬ್ನ್ ಉಮರರು ಇಂಥ ಕೋಳಿಯನ್ನು 3 ದಿನ ಕೂಡಿಹಾಕಿ ಆಮೇಲೆ ತಿನ್ನುತ್ತಿದ್ದರೆಂಬ ವರದಿಯೇ ಇದಕ್ಕೆ ಮಾದರಿ.

ದಿನಗಳ ಲೆಕ್ಕ ಗ್ರಂಥದಿಂದ ಗ್ರಂಥಕ್ಕೆ ಬದಲಾಗುತ್ತದೆ. ಹನಫಿ ಗ್ರಂಥಗಳಲ್ಲಿ ಕೋಳಿಗೆ 3 ದಿನ, ಕುರಿಗೆ 4, ದನಕ್ಕೂ ಒಂಟೆಗೂ 10. ಶಾಫಿ ಗ್ರಂಥಗಳಲ್ಲಿ ಕೋಳಿಗೆ 3, ಕುರಿಗೆ 7, ದನಕ್ಕೆ 30, ಒಂಟೆಗೆ 40. ಹಂಬಲಿಗಳಲ್ಲಿ ಎಲ್ಲಕ್ಕೂ ಮೂರೇ ದಿನವೆಂಬ ಮಾತೂ, ದೊಡ್ಡ ಪ್ರಾಣಿಗಳಿಗೆ 40 ದಿನವೆಂಬ ಮಾತೂ ಇವೆ. ಜಾಫರಿ ಲೆಕ್ಕದಲ್ಲಿ ಕೋಳಿಗೆ 3, ಕುರಿಗೆ 10, ದನಕ್ಕೆ 20, ಒಂಟೆಗೆ 40.

ಪ್ರಾಣಿ ದೊಡ್ಡದಾದಷ್ಟೂ ಅವಧಿ ಹೆಚ್ಚು. ದೊಡ್ಡ ಮೈಯಿಂದ ಹಳೆಯ ಮೇವಿನ ಪ್ರಭಾವ ಹೋಗಲು ಹೆಚ್ಚು ದಿನ ಬೇಕೆಂಬ ದನಗಾಹಿಯ ಅನುಭವ ಈ ಅಂಕಿಗಳ ಹಿಂದಿದೆ. ಅಂಕಿಗಳನ್ನೇ ಗಟ್ಟಿಯಾಗಿ ಹಿಡಿಯಬಾರದೆಂದು ಹೇಳಿದವರೂ ಇದ್ದಾರೆ. ಅಬೂ ಹನೀಫರು ಇದಕ್ಕೆ ನಿಗದಿತ ಕಾಲವಿಲ್ಲ, ಮಾಂಸ ಶುದ್ಧವಾಗುವ ತನಕ ಎಂದರೆನ್ನಲಾಗಿದೆ. ನವವಿಯವರ ಮಾತೂ ಹೆಚ್ಚುಕಡಿಮೆ ಅದೇ: ವಾಸನೆ ಹೋಗುವ ತನಕ. ಮಾಂಸವನ್ನು ತೊಳೆದು, ಬೇಯಿಸಿ ವಾಸನೆ ಕಳೆದರೆ ಸಾಲದು. ಬದುಕಿರುವಾಗಲೇ ಮೇವಿನಿಂದ ಸರಿಹೋಗಬೇಕು ಎಂಬ ಷರತ್ತೂ ಇದೆ.

ಹಂದಿಯ ಹಾಲು ಕುಡಿದ ಮೇಕೆಮರಿ

ಶಾಸ್ತ್ರಜ್ಞರ ವಾದಕ್ಕೆ ಒಂದು ಕಠಿಣ ಪರೀಕ್ಷೆ ಎದುರಾಯಿತು. ತಾಯಿ ಸತ್ತ ಮೇಕೆಮರಿಯೊಂದು ಹಂದಿಯ ಹಾಲು ಕುಡಿದು ಬೆಳೆದರೆ? ಇಸ್ಲಾಮಿನಲ್ಲಿ ಹಂದಿಯಷ್ಟು ಸ್ಪಷ್ಟವಾಗಿ ನಿಷಿದ್ಧವಾದ ಪ್ರಾಣಿ ಇನ್ನೊಂದಿಲ್ಲ. ಆದರೂ ಹನಫಿಗಳು ಆ ಮರಿಯನ್ನು ತಿನ್ನಬಹುದೆಂದರು. ಮಾಂಸದ ಗುಣ ಬದಲಾಗಿಲ್ಲ, ಕುಡಿದ ಹಾಲು ಕುರುಹೂ ಉಳಿಯದಂತೆ ಕರಗಿಹೋಗಿದೆ ಎಂಬುದು ಅವರ ಸಮರ್ಥನೆ. ಔರಂಗಜೇಬನ ಕಾಲದಲ್ಲಿ ಭಾರತದಲ್ಲೇ ಸಂಕಲಿತವಾದ 'ಫತಾವಾ ಆಲಂಗೀರಿ'ಯಲ್ಲೂ ಈ ನಿಲುವು ದಾಖಲಾಗಿದೆ. ಶಾಫಿಗಳು ಮಾತ್ರ ಅಂಥ ಮರಿಗೂ ಜಲ್ಲಾಲದ ನಿಯಮವನ್ನೇ ಅನ್ವಯಿಸಿದರು.

ಒಂದು ವಸ್ತು ತನ್ನ ಸ್ವರೂಪವನ್ನೇ ಕಳೆದುಕೊಂಡು ಇನ್ನೊಂದಾಗುವುದಕ್ಕೆ 'ಇಸ್ತಿಹಾಲ' ಎನ್ನುತ್ತಾರೆ. ಮದ್ಯ ತಾನಾಗಿ ಹುಳಿತು ವಿನಿಗರ್ ಆದರೆ ಅದು ಶುದ್ಧವೆಂಬುದು ಇದರ ಪ್ರಸಿದ್ಧ ಉದಾಹರಣೆ. ಹೊಲಸು ಮೇವು ರಕ್ತಮಾಂಸವಾಗಿ ಮಾರ್ಪಡುವುದೂ ಹೀಗೆಯೇ ಎಂಬುದು ಉದಾರವಾದಿಗಳ ವಾದ. ಗೊಬ್ಬರದ ಪ್ರಶ್ನೆಯೂ ಇದರೊಡನೆ ಬಂತು. ಮಲದ ಗೊಬ್ಬರ ಹಾಕಿ ಬೆಳೆದ ಗೋಧಿ ತಿನ್ನಬಹುದೇ? ಪ್ರವಾದಿಯವರ ಸಂಗಾತಿ ಸಅದ್ ಇಬ್ನ್ ಅಬೀ ವಕ್ಕಾಸ್ ತಮ್ಮ ಹೊಲಕ್ಕೆ ಆ ಗೊಬ್ಬರ ಹಾಕಿಸುತ್ತಿದ್ದರು ಎಂಬ ವರದಿಯಿದೆ. ಬಹುಪಾಲು ವಿದ್ವಾಂಸರು ಅಂಥ ಬೆಳೆಗೆ ಒಪ್ಪಿಗೆ ಕೊಟ್ಟರು. ಹಂಬಲಿಗಳು ಒಪ್ಪಲಿಲ್ಲ, ಶುದ್ಧ ನೀರು ಹಾಯಿಸಿ ಬೆಳೆಯನ್ನು ಸರಿಮಾಡಬೇಕೆಂದರು. ಕಟ್ಟಿಹಾಕಿ ಮೇಯಿಸಿದ ಕುರಿಗೆ ಇದ್ದ ನಿಯಮವೇ ಪೈರಿಗೂ ಬಂತು.

ಹಾಗಾದರೆ ಅಶುದ್ಧವಾದದ್ದನ್ನು ಮನುಷ್ಯ ತಾನಾಗಿ ಪ್ರಾಣಿಗೆ ಹಾಕಬಹುದೇ? ಕ್ರಿ.ಶ. 630ರಲ್ಲಿ ತಬೂಕ್‌ಗೆ ಹೊರಟ ದಂಡು ದಾರಿಯಲ್ಲಿ ಹಿಜ್ರ್ ಎಂಬಲ್ಲಿ ತಂಗಿತ್ತು. ದೈವಕೋಪಕ್ಕೆ ಗುರಿಯಾದ ಸಮೂದ್ ಜನರ ಪಾಳುಬಿದ್ದ ನೆಲೆ ಅದು. ಅಲ್ಲಿಯ ಬಾವಿಯ ನೀರಿನಲ್ಲಿ ಹಿಟ್ಟು ಕಲಸಿದವರಿಗೆ ಪ್ರವಾದಿಯವರು ನೀರು ಚೆಲ್ಲಿ, ಹಿಟ್ಟನ್ನು ಒಂಟೆಗಳಿಗೆ ಹಾಕಲು ಹೇಳಿದರು. ಮನುಷ್ಯನಿಗೆ ಬೇಡವಾದದ್ದು ಪ್ರಾಣಿಗೆ ಆಗಬಹುದು ಎನ್ನುವವರಿಗೆ ಈ ಪ್ರಸಂಗ ಆಧಾರ. ಇಮಾಮ್ ಅಹ್ಮದರು ಇದಕ್ಕೊಂದು ಗಡಿ ಹಾಕಿದರು: ಬೇಗನೆ ಕೊಯ್ಯಲಿರುವ ಅಥವಾ ಹಾಲು ಕರೆಯುತ್ತಿರುವ ಪ್ರಾಣಿಗೆ ಅದು ಕೂಡದು. ಹನಫಿ ಗ್ರಂಥಗಳಲ್ಲಿ ಇನ್ನೂ ಸೊಗಸಾದ ಸೂಕ್ಷ್ಮವೊಂದಿದೆ. ಸತ್ತ ಪ್ರಾಣಿ ಇರುವಲ್ಲಿಗೆ ನಾಯಿಯನ್ನು ಕರೆದೊಯ್ಯಬಹುದು. ಸತ್ತದ್ದನ್ನು ಹೊತ್ತು ತಂದು ನಾಯಿಗೆ ಹಾಕುವುದು ಸಲ್ಲದು. ಪ್ರಾಣಿ ತಾನಾಗಿ ತಿನ್ನುವುದು ಬೇರೆ, ಮನುಷ್ಯ ಕೈಯಾರೆ ತಿನ್ನಿಸುವುದು ಬೇರೆ.

ಮೇವು ಪ್ರಾಣಿಯ ಹಕ್ಕು

ಇದುವರೆಗಿನ ವಿಚಾರವೆಲ್ಲ ತಿನ್ನುವವನ ಶುದ್ಧಿಯದು. ಆದರೆ ತಿನ್ನಿಸಿಕೊಳ್ಳುವ ಪ್ರಾಣಿಗೂ ಧರ್ಮಶಾಸ್ತ್ರದಲ್ಲಿ ಪಾಲಿದೆ. ಹೆಂಡತಿ ಮಕ್ಕಳಿಗೆ ಅನ್ನ ಬಟ್ಟೆ ಕೊಡುವ ಹೊಣೆಯನ್ನು 'ನಫಕ' ಎನ್ನುತ್ತಾರೆ. ಅದೇ ಅಧ್ಯಾಯದಲ್ಲೇ ಸಾಕುಪ್ರಾಣಿಗಳ ಮೇವು ನೀರಿನ ಹೊಣೆಯನ್ನೂ ಹೇಳಲಾಗಿದೆ. ಬೆಕ್ಕನ್ನು ಕೂಡಿಹಾಕಿ ಉಪವಾಸ ಕೊಂದ ಹೆಂಗಸು ನರಕಕ್ಕೆ ಹೋದಳೆಂಬ ಹದೀಸ್ ಇದಕ್ಕೆ ಆಧಾರ.

ಮೇವು ಹಾಕದ ಯಜಮಾನನನ್ನು ಏನು ಮಾಡಬೇಕು? ಶಾಫಿ, ಮಾಲಿಕಿ, ಹಂಬಲಿ ಪಂಥಗಳ ಪ್ರಕಾರ ನ್ಯಾಯಾಧೀಶ ಅವನನ್ನು ಒತ್ತಾಯಿಸಬಹುದು. ಮೇವು ಹಾಕಬೇಕು, ಇಲ್ಲವೇ ಮಾರಬೇಕು, ತಿನ್ನುವ ಪ್ರಾಣಿಯಾದರೆ ಕೊಯ್ಯಬೇಕು, ಉಪವಾಸ ಕೆಡವುವಂತಿಲ್ಲ. ಹನಫಿಗಳಲ್ಲಿ ಇದು ದೇವರೆದುರಿನ ಹೊಣೆಯೇ ಹೊರತು ನ್ಯಾಯಾಲಯದ್ದಲ್ಲ ಎಂಬ ಮಾತಿದ್ದರೂ, ಅಬೂ ಹನೀಫರ ಶಿಷ್ಯ ಅಬೂ ಯೂಸುಫರು ಒತ್ತಾಯ ಸಲ್ಲುತ್ತದೆ ಎಂದರು. ಬಾಗ್ದಾದಿನ ಮಾವರ್ದಿ (ನಿಧನ 1058) ತಮ್ಮ ರಾಜ್ಯಶಾಸ್ತ್ರ ಗ್ರಂಥದಲ್ಲಿ, ಮೇವು ಹಾಕುವುದರಲ್ಲಿ ಕೊರತೆ ಮಾಡುವವರನ್ನು ವಿಚಾರಿಸಿಕೊಳ್ಳುವ ಕೆಲಸವನ್ನು ಪೇಟೆಯ ಮೇಲ್ವಿಚಾರಕನಾದ ಮುಹ್ತಸಿಬನಿಗೆ ವಹಿಸುತ್ತಾರೆ.

13ನೇ ಶತಮಾನದ ಇಝ್ಝುದ್ದೀನ್ ಇಬ್ನ್ ಅಬ್ದಿಸ್ಸಲಾಮ್ (ನಿಧನ 1262) ಇನ್ನೂ ಮುಂದೆ ಹೋಗಿ, ಮುದಿಯಾಗಿ ಅಥವಾ ರೋಗ ಬಂದು ಯಾವ ಪ್ರಯೋಜನಕ್ಕೂ ಬಾರದ ಪ್ರಾಣಿಗೂ ಮೇವು ಹಾಕುವುದು ಅದರ ಹಕ್ಕು ಎಂದು ಬರೆದರು. ಕರುವಿಗೆ ತೊಂದರೆಯಾಗುವಷ್ಟು ಹಾಲು ಕರೆಯಬಾರದು, ಕೆಚ್ಚಲಿಗೆ ನೋವಾಗದಂತೆ ಕರೆಯುವವನು ಉಗುರು ಕತ್ತರಿಸಿಕೊಂಡಿರಬೇಕು, ಜೇನು ಕೀಳುವಾಗ ಹುಳುಗಳಿಗೂ ಒಂದಿಷ್ಟು ಉಳಿಸಬೇಕು ಎಂಬ ಮಾತುಗಳು ಶಾಫಿ ಗ್ರಂಥಗಳಲ್ಲಿವೆ.

ಮೇವಿನ ಮೂಟೆಯ ಯುಗ

ಹಿಂದಿನ ಶಾಸ್ತ್ರಜ್ಞನ ಕಣ್ಣ ಮುಂದಿದ್ದುದು ಹಿತ್ತಲಿನ ಕೋಳಿ. ಅದು ಏನು ತಿಂದಿತೆಂಬುದು ಮನೆಯವರಿಗೆ ಕಾಣುತ್ತಿತ್ತು. ಇಂದಿನ ಬ್ರಾಯ್ಲರ್ ಕೋಳಿ ಸುಮಾರು 6 ವಾರ ಶೆಡ್ಡಿನೊಳಗೇ ಬೆಳೆದು ಅಂಗಡಿಗೆ ಬರುತ್ತದೆ. ಅದು ತಿಪ್ಪೆಯನ್ನು ಕಂಡದ್ದೇ ಇಲ್ಲ. ಅದರ ಮೇವಿನಲ್ಲಿ ಹೆಚ್ಚಿನದು ಮೆಕ್ಕೆಜೋಳ, ಸೋಯಾ ಹಿಂಡಿ. ಆದರೆ ಪ್ರೋಟೀನಿಗಾಗಿ ಮೀನಿನ ಪುಡಿ, ಮಾಂಸ ಮೂಳೆಗಳ ಪುಡಿ, ರಕ್ತದ ಪುಡಿಗಳನ್ನು ಬೆರೆಸುವ ಪದ್ಧತಿಯೂ ಜಗತ್ತಿನ ಹಲವೆಡೆ ಇದೆ. ಮೀನು ಸತ್ತರೂ ಶುದ್ಧ, ಅದಕ್ಕೆ ಆಕ್ಷೇಪವಿಲ್ಲ. ಹರಿದ ರಕ್ತ, ವಿಧಿಯಂತೆ ಕೊಯ್ಯದ ಪ್ರಾಣಿಯ ಮಾಂಸ, ಹಂದಿ ಇವೆಲ್ಲ ಶಾಸ್ತ್ರದಲ್ಲಿ ಅಶುದ್ಧ.

ಈ ಮೇವಿನ ಅಪಾಯವನ್ನು ಜಗತ್ತಿಗೆ ಮನಗಾಣಿಸಿದ್ದು ಬ್ರಿಟನ್ನಿನ 'ಹುಚ್ಚು ಹಸು' ರೋಗ. 1986ರಲ್ಲಿ ಗುರುತಿಸಲಾದ ಈ ರೋಗಕ್ಕೂ, ಹುಲ್ಲು ತಿನ್ನುವ ದನಗಳಿಗೆ ದನಗಳದೇ ಮಾಂಸ ಮೂಳೆಯ ಪುಡಿ ತಿನ್ನಿಸಿದ್ದಕ್ಕೂ ಸಂಬಂಧವಿರುವುದು ಗೊತ್ತಾಯಿತು. 1988ರಲ್ಲಿ ಅಲ್ಲಿ ದನ ಕುರಿಗಳಿಗೆ ಅಂಥ ಮೇವನ್ನು ನಿಷೇಧಿಸಲಾಯಿತು. 1996ರ ಮಾರ್ಚ್‌ನಲ್ಲಿ, ಮನುಷ್ಯರ ಮೆದುಳಿಗೆ ತಗಲುವ ಹೊಸ ಬಗೆಯ ಕಾಯಿಲೆಯೊಂದಕ್ಕೂ ಇದಕ್ಕೂ ನಂಟಿರುವ ಸಂಭವವನ್ನು ಬ್ರಿಟಿಷ್ ಸರ್ಕಾರ ಒಪ್ಪಿಕೊಂಡಿತು. 2001ರಲ್ಲಿ ಐರೋಪ್ಯ ಒಕ್ಕೂಟ ಸಾಕಣೆಯ ಎಲ್ಲ ಪ್ರಾಣಿಗಳಿಗೂ ಇಂಥ ಮೇವನ್ನು ನಿಷೇಧಿಸಿತು. ರೋಗದ ಭಯ ಇಳಿದಂತೆ ನಿಯಮ ಸಡಿಲವಾಗುತ್ತ ಬಂದು, 2021ರಲ್ಲಿ ಹಂದಿಯಿಂದ ಪಡೆದ ಪ್ರೋಟೀನನ್ನು ಕೋಳಿಗಳಿಗೆ ಹಾಕಲು ಒಪ್ಪಿಗೆ ಸಿಕ್ಕಿತು. ಅಂಥ ಕೋಳಿ ಹಲಾಲ್ ಆಗುತ್ತದೆಯೇ? ಮೇಕೆಮರಿಯ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದ್ದು ನಿಂತಿತು.

ಆಗ್ನೇಯ ಏಷ್ಯಾದಲ್ಲಿ ಈ ಪ್ರಶ್ನೆ ಮೀನಿನ ಕೊಳಗಳ ಮೂಲಕ ಅದಕ್ಕೂ ಮೊದಲೇ ಬಂದಿತ್ತು. ಕೊಳದ ಮೀನಿಗೆ ಹಂದಿಯ ಕರುಳು, ಸತ್ತ ಕೋಳಿ ಹಾಕುವ ವಿಷಯ ವಿವಾದವಾದಾಗ, ಉದ್ದೇಶಪೂರ್ವಕವಾಗಿ ಅಶುದ್ಧ ಮೇವು ಹಾಕಿ ಬೆಳೆಸಿದ ಮೀನು ಸಲ್ಲದೆಂದು ಮಲೇಷ್ಯಾದ ರಾಷ್ಟ್ರೀಯ ಫತ್ವಾ ಸಮಿತಿ 2006ರಲ್ಲಿ ಹೇಳಿತು. ಇಂಡೋನೇಷ್ಯಾದ ಉಲೇಮಾ ಮಂಡಳಿ 2012ರಲ್ಲಿ ಹೊರಡಿಸಿದ ಫತ್ವಾ ಬೇರೆ ದಾರಿ ಹಿಡಿಯಿತು. ಮೇವಿನಲ್ಲಿ ಅಶುದ್ಧ ವಸ್ತುವಿದ್ದರೂ ಮಾಂಸದ ವಾಸನೆ ರುಚಿ ಬದಲಾಗದಿದ್ದರೆ, ತಿನ್ನುವವರಿಗೆ ಹಾನಿಯಾಗದಿದ್ದರೆ ಪ್ರಾಣಿ ಹಲಾಲ್, ಬದಲಾದರೆ ಅಲ್ಲ. ಎರಡೂ ದೇಶಗಳ ಮುಸ್ಲಿಮರು ಮುಖ್ಯವಾಗಿ ಶಾಫಿಗಳೇ. ಒಬ್ಬರು ಹಾಕುವವನ ಉದ್ದೇಶಕ್ಕೆ, ಇನ್ನೊಬ್ಬರು ಮಾಂಸದ ಮೇಲಾದ ಪರಿಣಾಮಕ್ಕೆ ಒತ್ತು ಕೊಟ್ಟರು.

ವಾಸನೆಯ ಪರೀಕ್ಷೆಗೆ ಇಂದು ಒಂದು ಮಿತಿಯಿದೆ. ಹುಚ್ಚು ಹಸುವಿನ ಮಾಂಸ ನಾರುತ್ತಿರಲಿಲ್ಲ. ವಿಷವಸ್ತು, ಔಷಧಿಯ ಶೇಷಗಳೂ ಮೂಗಿಗೆ ಸಿಗುವುದಿಲ್ಲ. ಆದ್ದರಿಂದಲೇ ಈಚಿನ ವಿದ್ವಾಂಸರಲ್ಲಿ ಅನೇಕರು ಕುರ್‌ಆನಿನಲ್ಲಿ 'ಹಲಾಲ್' ಪದದ ಜೊತೆಗೇ ಬರುವ 'ತಯ್ಯಿಬ್' ಎಂಬ ಪದದತ್ತ ಬೆರಳು ತೋರುತ್ತಾರೆ. ಒಳ್ಳೆಯದು, ಶುದ್ಧವಾದದ್ದು, ಹಿತವಾದದ್ದು ಎಂದು ಅದರ ಅರ್ಥ. ಕೊಯ್ದ ಕ್ಷಣವನ್ನಷ್ಟೇ ನೋಡಿದರೆ ಸಾಲದು, ಪ್ರಾಣಿ ಬದುಕಿದ ಬಗೆಯನ್ನೂ ನೋಡಬೇಕು ಎಂಬುದು ಅವರ ಮಾತು. ಇಸ್ತಿಹಾಲದ ಆಧಾರದ ಮೇಲೆ ಇಷ್ಟೆಲ್ಲ ಕಟ್ಟುನಿಟ್ಟು ಬೇಡವೆನ್ನುವವರೂ ಇದ್ದಾರೆ. ನಿಯಮ ಬಿಗಿಯಾದಷ್ಟೂ ಮಾಂಸದ ಬೆಲೆ ಏರುತ್ತದೆ, ಬಡವನ ತಟ್ಟೆಯಿಂದ ಅದು ದೂರವಾಗುತ್ತದೆ ಎಂಬ ಅವರ ಮಾತಿನಲ್ಲೂ ಹುರುಳಿದೆ.

ಅಬೂ ಮೂಸಾ ಅವರ ಮನೆಯ ಆ ಅತಿಥಿಗೆ ಒಂದು ಅನುಕೂಲವಿತ್ತು. ಕೋಳಿ ಏನು ತಿಂದಿತೆಂಬುದನ್ನು ಆತ ಕಣ್ಣಾರೆ ಕಂಡಿದ್ದ. ಅನುಮಾನ ಬಂದರೆ 3 ದಿನ ಕೂಡಿಹಾಕಿ ಕಾಳು ಹಾಕುವ ದಾರಿಯೂ ಅವನ ಕಾಲದವರಿಗೆ ತೆರೆದಿತ್ತು. ಈಗ ತಿನ್ನುವವನಿಗೂ ಪ್ರಾಣಿಗೂ ನಡುವೆ ಮೇವಿನ ಕಂಪನಿ, ಫಾರಂ, ಕಸಾಯಿಖಾನೆ, ಅಂಗಡಿ ಇಷ್ಟೂ ಬಂದಿವೆ. ಜಲ್ಲಾಲದ ನಿಯಮ ಹಳೆಯದಿರಬಹುದು. ಆದರೆ ತಟ್ಟೆಗೆ ಬಂದ ಪ್ರಾಣಿ ಏನು ತಿಂದಿತ್ತು, ಅದಕ್ಕೆ ಹೊಟ್ಟೆತುಂಬ ಒಳ್ಳೆಯ ಮೇವು ಸಿಕ್ಕಿತ್ತೇ ಎಂದು ಕೇಳುವ ಹಕ್ಕು, ಕೇಳುವ ಹೊಣೆ ಎರಡೂ ತಿನ್ನುವವನಿಗಿದೆ ಎಂದು ಅದು ಈಗಲೂ ನೆನಪಿಸುತ್ತದೆ. ಆ ಮಾತು ಯಾವ ಧರ್ಮದವರಿಗೂ ಅನ್ವಯಿಸುತ್ತದೆ.